‘ಸರ್ಕಾರ’ ಎಂಬ ಪದ ಬಳಸದೆ ಬರೆಯಿರಿ

ಒಂಬತ್ತನೇ ತರಗತಿಗೆ ರಾಜ್ಯಶಾಸ್ತ್ರ ಶುರು ಮಾಡುವ ದಿನ ನಾನು ಪುಸ್ತಕ ತೆರೆಸುವುದಿಲ್ಲ. ನಿಮ್ಮ ಮನೆಯಲ್ಲಿ ಸರ್ಕಾರದ ಬಗ್ಗೆ ಆಡುವ ಮಾತೊಂದನ್ನು ಬರೆಯಿರಿ ಎನ್ನುತ್ತೇನೆ. ಕೆಲವು ವರ್ಷಗಳ ಹಿಂದೆ, ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ದನಿ ನನಗೇ ಕೇಳದಂತಿದ್ದ ಒಂದು ಮಧ್ಯಾಹ್ನ, ಒಂದೇ ಬೆಂಚಿನ ಇಬ್ಬರು ಹುಡುಗಿಯರು ಬರೆದದ್ದು ಇದು. ಒಬ್ಬಳು: ‘ಸರ್ಕಾರ ನಮ್ಮ ಅಜ್ಜನಿಗೆ ಗದ್ದೆ ಕೊಟ್ಟಿತು.’ ಪಕ್ಕದವಳು: ‘ಸರ್ಕಾರ ನಮ್ಮ ಅಜ್ಜನ ಗದ್ದೆ ತೆಗೆದುಕೊಂಡಿತು.’

ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಇವಳ ಅಜ್ಜನದ್ದು ತೆಗೆದು ಅವಳ ಅಜ್ಜನಿಗೆ ಕೊಟ್ಟರಾ?’ ಎಂದು ಕೇಳಿದ. ಯಾರೂ ನಗಲಿಲ್ಲ. ಅವನು ನಿಜವಾಗಿಯೂ ತಿಳಿಯಲು ಕೇಳಿದ್ದ. ಬೆಂಚಿನ ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಹೊತ್ತು ಒಂದೇ ಡಬ್ಬಿಯಿಂದ ತಿಂಡಿ ಹಂಚಿಕೊಳ್ಳುತ್ತಿದ್ದವರ ನಡುವೆ ಆ ಪ್ರಶ್ನೆ ಬಂದು ಕೂತಿತು. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ.

ಕಾರವಾರ ಮತ್ತು ಅಂಕೋಲೆಯ ನಡುವಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ನನಗೆ ಇಪ್ಪತ್ತು ವರ್ಷ ದಾಟಿದೆ. ಶಾಸಕಾಂಗ ಕಾನೂನು ರಚಿಸುತ್ತದೆ, ಕಾರ್ಯಾಂಗ ಜಾರಿಗೆ ತರುತ್ತದೆ, ನ್ಯಾಯಾಂಗ ಅದನ್ನು ವ್ಯಾಖ್ಯಾನಿಸುತ್ತದೆ. ಈ ವಾಕ್ಯವನ್ನು ಎಷ್ಟು ಸಾವಿರ ಸಲ ಬರೆಸಿದ್ದೇನೋ. ವಾಕ್ಯದಲ್ಲಿ ತಪ್ಪೇನೂ ಇಲ್ಲ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಹಾಗೆ ಬರೆದು ಪೂರ್ಣ ಅಂಕ ಪಡೆದ ಹುಡುಗನೇ ಊರಿನ ರಸ್ತೆ ಕೆಟ್ಟರೆ ‘ಸರ್ಕಾರ ಸರಿಯಿಲ್ಲ’ ಎನ್ನುತ್ತಾನೆ, ಪಡಿತರ ಚೀಟಿ ತಡವಾದರೂ ಅದನ್ನೇ ಎನ್ನುತ್ತಾನೆ, ಕೋರ್ಟಿನಲ್ಲಿ ಕೇಸು ಮುಂದಕ್ಕೆ ಹೋದರೂ ಅದನ್ನೇ ಎನ್ನುತ್ತಾನೆ. ಅವನ ಮಟ್ಟಿಗೆ ಸರ್ಕಾರವೆಂದರೆ ಆಚೆ ಎಲ್ಲೋ ಕೂತಿರುವ ಒಬ್ಬನೇ ಒಬ್ಬ. ಮನಸ್ಸು ಬಂದರೆ ಕೊಡುತ್ತಾನೆ, ಬೇಡವೆನಿಸಿದರೆ ಕಿತ್ತುಕೊಳ್ಳುತ್ತಾನೆ. ನಮ್ಮ ಹಿರಿಯರು ಜಮೀನಿನ ಒಡೆಯರ ಬಗ್ಗೆ ಆಡುತ್ತಿದ್ದ ಮಾತಿನ ಧಾಟಿಯೇ ಇದು.

ಮರುದಿನ ಆ ಇಬ್ಬರಿಗೂ ಹೇಳಿದೆ: ಮನೆಯಲ್ಲಿ ಕೇಳಿ, ಒಪ್ಪಿದರೆ ಆ ಗದ್ದೆಯ ಕಾಗದಗಳ ಜೆರಾಕ್ಸ್ ತನ್ನಿ.

ಮೊದಲನೆಯವಳು ಜೆರಾಕ್ಸ್ ತರಲಿಲ್ಲ, ಮೂಲ ಕಾಗದಗಳನ್ನೇ ತಂದಳು. ಗೊಬ್ಬರದ ಚೀಲದಿಂದ ಕತ್ತರಿಸಿದ ಪ್ಲಾಸ್ಟಿಕ್, ಅದರೊಳಗೆ ಹಳೆಯ ಬಟ್ಟೆ, ಅದರೊಳಗೆ ಕಾಗದ. ಮಡಿಕೆಯ ಗೆರೆಗಳಲ್ಲಿ ಹರಿದು ಹಿಂದಿನಿಂದ ಅಂಟುಕಾಗದ ಹಚ್ಚಿದ್ದರು. ಟೈಪ್ ಮಾಡಿದ ಅಕ್ಷರ ಕೆಲವು ಕಡೆ ಮಸುಕಾಗಿ ದುಂಡನೆಯ ಮೊಹರು ಮಾತ್ರ ಇನ್ನೂ ನೇರಳೆಯಾಗಿ ಉಳಿದಿತ್ತು. ಭೂ ನ್ಯಾಯಮಂಡಳಿಯ ಆದೇಶ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಬರೀ ‘ಟ್ರಿಬ್ಯೂನಲ್’. ‘ಟ್ರಿಬ್ಯೂನಲ್ಲಿನಲ್ಲಿ ಆಯಿತು’ ಎಂದರೆ ಆ ಮನೆಯವರು ಗೇಣಿದಾರರಾಗಿದ್ದವರು, ಈಗ ಅವರದೇ ಭೂಮಿ ಎಂದು ಅರ್ಥ.

ಮಕ್ಕಳನ್ನು ಮೇಜಿನ ಸುತ್ತ ಕರೆದು ನಿಲ್ಲಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ಕಾನೂನಿನ ಹೆಸರು: ಕರ್ನಾಟಕ ಭೂ ಸುಧಾರಣೆಗಳ ಅಧಿನಿಯಮ, 1961. ಇದು ಎಲ್ಲಿ ಹುಟ್ಟಿತು? ವಿಧಾನಮಂಡಲದಲ್ಲಿ. ಆದರೆ ಅಜ್ಜನಿಗೆ ಗದ್ದೆ ಸಿಕ್ಕಿದ್ದು 1961ರ ಬಲದಿಂದಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಆ ಕಾನೂನಿಗೆ ದೊಡ್ಡ ತಿದ್ದುಪಡಿ ಬಂತು. ಅದು 1974ರ ಮಾರ್ಚ್ 1ರಂದು ಜಾರಿಯಾಯಿತು, ಅಂದಿಗೆ ಗೇಣಿಯಲ್ಲಿದ್ದ ಜಮೀನೆಲ್ಲ ರಾಜ್ಯದ ವಶಕ್ಕೆ ಬಂತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಡಬೇಕು. ಅದನ್ನೇ ಜನ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ನ್ಯಾಯಮಂಡಳಿ ವಿಚಾರಣೆ ಮಾಡಿ, ಉಳುತ್ತಿದ್ದವನು ಇವನೇ ಎಂದು ಒಪ್ಪಿದರೆ ಕೊನೆಗೆ ನಮೂನೆ 10, ಅಂದರೆ ಭೂಮಿ ಅವನದೆನ್ನುವ ಪ್ರಮಾಣಪತ್ರ, ಅವನ ಕೈಗೆ ಬರುತ್ತದೆ. ಆ ಪ್ಲಾಸ್ಟಿಕ್ಕಿನಲ್ಲಿ ಅದೂ ಇತ್ತು.

ಆದೇಶದ ಕೆಳಗೆ ಸಹಿ ಹಾಕಿದವರು ಯಾರು ನೋಡಿ ಎಂದೆ. ಅಧ್ಯಕ್ಷರು: ಸಹಾಯಕ ಆಯುಕ್ತರು. ಉಳಿದವರು ರಾಜ್ಯ ಸರ್ಕಾರ ನಾಮಕರಣ ಮಾಡಿದ ಸದಸ್ಯರು. ಇಷ್ಟು ಹೊತ್ತು ಸುಮ್ಮನೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ಸಹಾಯಕ ಆಯುಕ್ತರು ಅಂದರೆ ಕಾರ್ಯಾಂಗ ಅಲ್ಲವಾ? ಅವರು ಹೇಗೆ ವಿಚಾರಣೆ ಮಾಡುತ್ತಾರೆ? ವಿಚಾರಣೆ ನ್ಯಾಯಾಂಗದ್ದಲ್ಲವಾ?’

ಪುಸ್ತಕದ ವಾಕ್ಯ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ. ನಾನು ಹಲಗೆಯ ಮೇಲೆ ಎಳೆದಿದ್ದ ಮೂರು ಚೌಕಗಳಲ್ಲಿ ನ್ಯಾಯಮಂಡಳಿಗೆ ಜಾಗವೇ ಇರಲಿಲ್ಲ. ಅದು ಅರೆ ನ್ಯಾಯಿಕ ಸಂಸ್ಥೆ, ಅಂದರೆ ಕಾರ್ಯಾಂಗದವರೇ ಕೂತು ನ್ಯಾಯಾಲಯದ ರೀತಿಯಲ್ಲಿ ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಕೊಡುವ ಜಾಗ ಎಂದು ವಿವರಿಸಿದೆ. ಯಾಕೆ ಹಾಗೆ ಮಾಡಿದರು? ಸಿವಿಲ್ ಕೋರ್ಟಿಗೆ ಬಿಟ್ಟಿದ್ದರೆ ಒಡೆಯರ ವಕೀಲರ ಮುಂದೆ ಓದು ಬಾರದ ಗೇಣಿದಾರ ನಿಲ್ಲಬೇಕಿತ್ತು. ಅದಕ್ಕೇ ಶಾಸಕಾಂಗ ಈ ವಿಷಯಗಳನ್ನು ಸಿವಿಲ್ ಕೋರ್ಟಿನ ವ್ಯಾಪ್ತಿಯಿಂದ ಹೊರಗಿಟ್ಟಿತು, ನ್ಯಾಯಮಂಡಳಿಯ ಮುಂದೆ ವಕೀಲರು ಬರಬಾರದು ಎಂದೂ ಬರೆಯಿತು. ಹುಡುಗಿ ಮತ್ತೆ ಕೇಳಿದಳು: ‘ಆಯುಕ್ತರು ತಪ್ಪು ಮಾಡಿದರೆ?’ ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟಿರುವ ರಿಟ್ ಅಧಿಕಾರವನ್ನು, ಅಂದರೆ ಇಂಥ ಆದೇಶಗಳನ್ನು ಪರಿಶೀಲಿಸಿ ರದ್ದುಪಡಿಸುವ ಅಧಿಕಾರವನ್ನು, ರಾಜ್ಯದ ಯಾವ ಕಾನೂನೂ ಕಿತ್ತುಕೊಳ್ಳಲಾಗದು. ಅವಳಿಗೆ ಉತ್ತರ ಅದೇ ಕಟ್ಟಿನಲ್ಲಿತ್ತು. ಒಡೆಯರು ಹೈಕೋರ್ಟಿಗೆ ಹೋಗಿದ್ದರು. ಹೈಕೋರ್ಟು ಮೊದಲ ಆದೇಶವನ್ನು ರದ್ದುಪಡಿಸಿ, ಸಾಕ್ಷ್ಯವನ್ನು ಸರಿಯಾಗಿ ದಾಖಲಿಸಿ ಹೊಸದಾಗಿ ವಿಚಾರಣೆ ಮಾಡಿ ಎಂದು ವಾಪಸು ಕಳಿಸಿತ್ತು. ಎರಡನೇ ಸಲವೂ ಅಜ್ಜನ ಪರವಾಗಿಯೇ ಆಯಿತು.

ಒಂದೇ ಕಟ್ಟಿನಲ್ಲಿ ಮೂರೂ ಅಂಗಗಳಿದ್ದವು. ಒಂದು ಮಾಡಿದ ಕಾನೂನಿನ ಕೆಳಗೆ ಇನ್ನೊಂದು ಕೆಲಸ ಮಾಡುತ್ತದೆ, ಆ ಕೆಲಸವನ್ನು ಮತ್ತೊಂದು ತಡೆದು ಸರಿಯಾಗಿ ಮಾಡು ಎನ್ನುತ್ತದೆ. ‘ಸರ್ಕಾರ ಗದ್ದೆ ಕೊಟ್ಟಿತು’ ಎಂಬ ಮೂರು ಪದಗಳ ಕೆಳಗೆ ಇಷ್ಟೆಲ್ಲ ನಡೆದಿತ್ತು.

ಎರಡನೆಯವಳ ಕಾಗದ ತೆಳುವಾಗಿತ್ತು. ಅವರದು ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬ. ‘ಸೀಬರ್ಡ್’ ಎಂಬ ಆ ಯೋಜನೆಯ ಹೆಸರನ್ನು ನಮ್ಮ ಕರಾವಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಆ ನೆಲೆ ಕಾರ್ಯಾರಂಭ ಮಾಡಿತು. ಅರ್ಗಾದ ಕಡೆಯ ಸಮುದ್ರದಂಡೆಯ ಊರುಗಳು ನಿರಾಶ್ರಿತರ ಕಾಲನಿಗಳಾದವು. ಆ ಹುಡುಗಿ ಹುಟ್ಟಿದ್ದೇ ಕಾಲನಿಯಲ್ಲಿ. ಗದ್ದೆಯನ್ನು ಅವಳು ನೋಡಿಯೇ ಇಲ್ಲ, ಆದರೆ ಅದರ ಅಂಚಿನಲ್ಲಿ ಎಷ್ಟು ತೆಂಗಿನ ಮರಗಳಿದ್ದವು ಎಂದು ಕೇಳಿದರೆ ತಕ್ಷಣ ಹೇಳುತ್ತಾಳೆ.

ರಕ್ಷಣೆ ಕೇಂದ್ರಪಟ್ಟಿಯ ವಿಷಯ, ನೌಕಾನೆಲೆ ಬೇಕೆಂಬ ತೀರ್ಮಾನ ದೆಹಲಿಯದು. ಭೂಮಿ ಗುರುತಿಸಿ ನೋಟಿಸು ಕೊಟ್ಟು ಪರಿಹಾರ ಗೊತ್ತು ಮಾಡಿದವರು ಇಲ್ಲಿನ ಭೂಸ್ವಾಧೀನಾಧಿಕಾರಿ. ಅವರ ಕೈಯಲ್ಲಿದ್ದ ಕಾನೂನು ಬ್ರಿಟಿಷರ ಕಾಲದ್ದು, 1894ರ ಭೂಸ್ವಾಧೀನ ಕಾಯ್ದೆ. ಅದರ 18ನೇ ಕಲಂ ಪ್ರಕಾರ, ಪರಿಹಾರ ಸಾಲದು ಎನ್ನುವವನು ನನ್ನ ಪ್ರಕರಣವನ್ನು ನ್ಯಾಯಾಲಯಕ್ಕೆ ಕಳಿಸಿ ಎಂದು ಆ ಅಧಿಕಾರಿಯನ್ನೇ ಲಿಖಿತವಾಗಿ ಕೇಳಬಹುದಿತ್ತು. ಆ ದಾರಿಯಲ್ಲಿ ಹೋದ ಪ್ರಕರಣಗಳು ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಮುಟ್ಟಿವೆ. ಹುಡುಗಿ ತಂದದ್ದು ಅಂಥದೇ ಒಂದು ತೀರ್ಪಿನ ಪ್ರತಿ. ಮೇಲ್ಗಡೆ ಒಂದು ಬದಿಗೆ ಅವಳ ಅಜ್ಜನ ಹೆಸರು. ನಡುವೆ ‘ವಿರುದ್ಧ’. ಇನ್ನೊಂದು ಬದಿಗೆ ವಿಶೇಷ ಭೂಸ್ವಾಧೀನಾಧಿಕಾರಿ.

ಆ ‘ವಿರುದ್ಧ’ ಎಂಬ ಪದದ ಮೇಲೆ ಮಕ್ಕಳ ಕಣ್ಣು ನಿಂತದ್ದನ್ನು ನಾನು ನೋಡಿದೆ. ಒಂದು ಗುಂಟೆಗೆ ಇಷ್ಟು ಎಂದು ಅಧಿಕಾರಿ ಬರೆದದ್ದನ್ನು ನ್ಯಾಯಾಧೀಶರು ಸಾಲದು ಎಂದು ಏರಿಸಿದ್ದರು. ‘ಹಾಗಾದರೆ ಸರ್ಕಾರವೇ ಸರ್ಕಾರಕ್ಕೆ ಬೈದಂತಾಯಿತು’ ಎಂದ ಅದೇ ಹಿಂದಿನ ಸಾಲಿನ ಹುಡುಗ. ನನ್ನ ಇಷ್ಟು ವರ್ಷದ ಪಾಠದಲ್ಲಿ ಅಧಿಕಾರ ವಿಭಜನೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿದ್ಯಾರ್ಥಿ ಇಲ್ಲ.

ಆದರೆ ಹುಡುಗಿಗೆ ಅದು ಸಾಕಾಗಲಿಲ್ಲ. ‘ಕೋರ್ಟು ಗದ್ದೆಯನ್ನೇ ವಾಪಸು ಕೊಡಿಸಬಹುದಿತ್ತಲ್ಲ?’ ಎಂದಳು. ಪರಿಹಾರದ ಪ್ರಶ್ನೆ ಹೊತ್ತು ಬಂದ ಪ್ರಕರಣದಲ್ಲಿ ನ್ಯಾಯಾಧೀಶರು ಮೊತ್ತವನ್ನಷ್ಟೇ ನೋಡಬಲ್ಲರು, ಭೂಮಿ ಹಿಂದಿರುಗಿಸುವ ಅಧಿಕಾರ ಅಲ್ಲಿ ಇರಲಿಲ್ಲ ಎಂದೆ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ, 300ಎ ವಿಧಿಯಂತೆ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ, ಇಲ್ಲಿ ಕಾನೂನು ಇತ್ತು ಎಂದೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಗಂಟಲು ಬಿಗಿಯಿತು. ಪ್ರತಿ ಅಂಗದ ಅಧಿಕಾರವನ್ನು ಕಲಿಸುವುದು ಸುಲಭ, ಅದರ ಕೈ ಎಲ್ಲಿಯವರೆಗೆ ನಿಲುಕದು ಎಂಬುದನ್ನು ಆ ಮನೆಯ ಮಗುವಿಗೇ ಹೇಳುವುದು ಕಷ್ಟ. ಆದರೂ ಹೇಳಲೇಬೇಕು. ಹೇಳದಿದ್ದರೆ ನ್ಯಾಯಾಲಯ ಎಂದರೆ ದೇವಸ್ಥಾನ, ಹೋಗಿ ಕೈ ಮುಗಿದರೆ ಸಾಕು ಎಂಬ ನಂಬಿಕೆ ಬೆಳೆಯುತ್ತದೆ.

ಆ ನಂಬಿಕೆ ನಮ್ಮ ಜಿಲ್ಲೆಯಲ್ಲಿ 2019ರ ಫೆಬ್ರುವರಿಯಲ್ಲಿ ಅಲುಗಾಡಿತು. ಕಾಡನ್ನು ನಂಬಿ ಬದುಕುವವರಿಗೆ ಭೂಮಿಯ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಡಿ ಅಂತಿಮವಾಗಿ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಬೇಕು ಎಂದು ಸುಪ್ರೀಂ ಕೋರ್ಟು 13ರಂದು ಆದೇಶಿಸಿತು. ಅತಿಕ್ರಮಣದ ಜಾಗದಲ್ಲಿ ಮನೆ ಇರುವ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಇನ್ನೂ ಹೆಚ್ಚು. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ತೋರಿಸಬೇಕು. ಎಷ್ಟು ಮನೆಗಳಲ್ಲಿ ಅಷ್ಟು ಹಳೆಯ ಕಾಗದ ಇರುತ್ತದೆ? ಕೇಂದ್ರ ಸರ್ಕಾರ ಕೋರ್ಟಿಗೆ ಹೋಯಿತು, ಫೆಬ್ರುವರಿ 28ರಂದು ಕೋರ್ಟು ತನ್ನದೇ ಆದೇಶವನ್ನು ತಡೆಹಿಡಿದು, ಅರ್ಜಿಗಳನ್ನು ಯಾವ ಕ್ರಮದಲ್ಲಿ ತಿರಸ್ಕರಿಸಿದಿರಿ ಎಂದು ರಾಜ್ಯಗಳನ್ನು ಕೇಳಿತು. ನಡುವಿನ ಹದಿನೈದು ದಿನ ಮಕ್ಕಳು ಪಾಠ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಆ ಕಾಯ್ದೆಯ 6ನೇ ಕಲಂ ತೆಗೆದು ಓದಿದೆ: ಹಕ್ಕು ನಿರ್ಣಯದ ಮೊದಲ ಹೆಜ್ಜೆ ಗ್ರಾಮಸಭೆಯದು. ನಿಮ್ಮ ಅಪ್ಪ, ಅಮ್ಮ, ಅಜ್ಜಿ ಕೂರುವ ಸಭೆ. ವಿಧಾನಸೌಧಕ್ಕಿಂತ ಅದು ಹತ್ತಿರದಲ್ಲಿದೆ.

ಶಾಸಕಾಂಗ ಮತ್ತು ಕಾರ್ಯಾಂಗದ ವ್ಯತ್ಯಾಸ ತಿಳಿಸುವುದೇ ನನಗೆ ಇಂದಿಗೂ ಹೆಚ್ಚು ಕಷ್ಟ. ಶಾಸಕರು ಏನು ಮಾಡುತ್ತಾರೆ ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ರಸ್ತೆ ಮಾಡಿಸುತ್ತಾರೆ’ ಎನ್ನುತ್ತದೆ. ನಮ್ಮ ಜಿಲ್ಲೆಯಿಂದ 224 ಜನರ ಸಭೆಗೆ ಆರು ಮಂದಿ ಹೋಗುತ್ತಾರೆ. ಅವರು ಅಲ್ಲಿ ಕೂತು ಕಾನೂನು ಓದಬೇಕು, ಮಂತ್ರಿಗಳನ್ನು ಪ್ರಶ್ನಿಸಬೇಕು, ಬಜೆಟ್ಟಿಗೆ ಒಪ್ಪಿಗೆ ಕೊಡಬೇಕು ಎಂಬುದು ಯಾರ ಮನೆಯ ಮಾತಿನಲ್ಲೂ ಬರುವುದಿಲ್ಲ. ಅದರ ಮೇಲೆ ಮಂತ್ರಿಗಳೂ ಶಾಸಕರೇ. ಹೊರಗಿನವರು ಮಂತ್ರಿಯಾದರೆ ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗಬೇಕು. ‘ಹಾಗಾದರೆ ಬೇರೆ ಬೇರೆ ಎಲ್ಲಿ ಆಯಿತು?’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ನಮ್ಮ ಪದ್ಧತಿಯಲ್ಲಿ ಆ ಎರಡರ ನಡುವಿನ ಗೋಡೆ ತೆಳು, ನ್ಯಾಯಾಂಗದ ಗೋಡೆ ಮಾತ್ರ ದಪ್ಪ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೊದಲೆಲ್ಲ ಇದಕ್ಕಾಗಿ ಯುವ ಸಂಸತ್ತು ಮಾಡಿಸುತ್ತಿದ್ದೆ. ಗಟ್ಟಿ ದನಿಯವರು ಕೂಗುತ್ತಿದ್ದರು, ಸಭಾಧ್ಯಕ್ಷರಾದವರು ಮೇಜು ಕುಟ್ಟುತ್ತಿದ್ದರು, ಮೆಲುದನಿಯ ಮಕ್ಕಳು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಬಹುಮಾನವೂ ಬಂದಿದೆ. ಆದರೂ ಸಭೆ ಎಂದರೆ ಗದ್ದಲ ಎಂದೇ ಅವರು ಕಲಿತರೆಂದು ನನಗೆ ಅನಿಸುತ್ತದೆ. ನನ್ನ ತರಗತಿಯಲ್ಲಿ ಈಗ ಅದಕ್ಕಿಂತ ಕಾಗದ ಓದುವುದಕ್ಕೆ ಹೆಚ್ಚು ಹೊತ್ತು.

ನ್ಯಾಯಾಂಗದ ಆ ದಪ್ಪ ಗೋಡೆ ಹೇಗೆ ಎದ್ದಿತು ಎಂದು ಹೇಳಲು ಮಕ್ಕಳನ್ನು ಕಾರವಾರದ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗುತ್ತೇನೆ. ಇಪ್ಪತ್ತರ ಆಸುಪಾಸಿನ ತರುಣ ರವೀಂದ್ರನಾಥರು ಇಲ್ಲಿಗೆ ಬಂದು ನಾಟಕ ಬರೆದರೆಂದು ಮಕ್ಕಳಿಗೆ ಗೊತ್ತಿರುತ್ತದೆ. ಅವರು ಬಂದದ್ದು ಅಣ್ಣನ ಮನೆಗೆ. ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪರೀಕ್ಷೆ ಗೆದ್ದ ಮೊದಲ ಭಾರತೀಯ, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆಡಳಿತಗಾರರನ್ನು ಆರಿಸುವ ಪರೀಕ್ಷೆ ಗೆದ್ದವರು ನ್ಯಾಯಾಧೀಶರಾದದ್ದು ಹೇಗೆ? ಆ ಕಾಲದಲ್ಲಿ ಕಲೆಕ್ಟರು, ಜಿಲ್ಲಾ ನ್ಯಾಯಾಧೀಶರು ಇಬ್ಬರೂ ಸಾಮಾನ್ಯವಾಗಿ ಅದೇ ಸೇವೆಯಿಂದ ಬರುತ್ತಿದ್ದರು. ಕಂದಾಯ ಎತ್ತುವ ಕಲೆಕ್ಟರೇ ಮ್ಯಾಜಿಸ್ಟ್ರೇಟರೂ ಆಗಿರುತ್ತಿದ್ದ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರ, ಅದರ ಹಿಂದೆಯೇ ಅಂಕೋಲೆ, ಸಿದ್ದಾಪುರದಲ್ಲಿ ಕರ ಕೊಡುವುದಿಲ್ಲ ಎಂದವರ ಎದುರಿಗೆ ನಿಂತದ್ದು ಇಂಥ ಆಡಳಿತ. ಕರ ಕೇಳುವ ಕೈ, ಜಪ್ತಿ ಮಾಡುವ ಕೈ, ಜೈಲಿಗೆ ಕಳಿಸುವ ಕೈ ಎಲ್ಲವೂ ಒಂದೇ ಮೈಯದು. ನಮ್ಮ ಅಜ್ಜಂದಿರು ‘ಸರ್ಕಾರ’ ಎಂಬ ಒಂದೇ ಪದ ಬಳಸಿದ್ದರಲ್ಲಿ ತಪ್ಪಿರಲಿಲ್ಲ, ಅವರು ಕಂಡದ್ದು ಒಂದನ್ನೇ.

ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕು ಎಂದು ಸಂವಿಧಾನದ 50ನೇ ವಿಧಿ ಹೇಳಿತು. ಕೆಲವು ಪ್ರಾಂತಗಳು ತಾವೇ ಆ ಕೆಲಸಕ್ಕೆ ಕೈ ಹಾಕಿದವು. ದೇಶದ ಬಹುಭಾಗಕ್ಕೆ ಒಂದೇ ಅಚ್ಚಿನಲ್ಲಿ ನ್ಯಾಯಿಕ ಮ್ಯಾಜಿಸ್ಟ್ರೇಟರು ಬೇರೆ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಬೇರೆ ಎಂದಾದದ್ದು ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಯಾದ 1974ರ ಏಪ್ರಿಲ್ 1ರಂದು. ಗೇಣಿದಾರರ ಕಾನೂನು ಜಾರಿಯಾಗಿ ಸರಿಯಾಗಿ ಒಂದು ತಿಂಗಳಿಗೆ! ಈಗ ಆ ಸಂಹಿತೆಯ ಜಾಗದಲ್ಲಿ ಹೊಸದು ಬಂದಿದೆ. ಜನ ಇಂದಿಗೂ ‘144 ಹಾಕಿದ್ದಾರೆ’ ಎನ್ನುವ ನಿಷೇಧಾಜ್ಞೆ 2024ರ ಜುಲೈ 1ರಿಂದ 163ನೇ ಕಲಂ ಆಗಿದೆ. ಅದನ್ನು ಹೊರಡಿಸುವಾಗ ಜಿಲ್ಲಾಧಿಕಾರಿ ಇಂದಿಗೂ ‘ಜಿಲ್ಲಾ ಮ್ಯಾಜಿಸ್ಟ್ರೇಟ್’ ಎಂದೇ ಸಹಿ ಹಾಕುತ್ತಾರೆ. ಹಳೆಯ ಕಾಲದ ಒಂದು ಚೂರು ಹಾಗೆ ಉಳಿದಿದೆ.

ಒಬ್ಬ ಹುಡುಗನ ಬಗ್ಗೆ ಹೇಳಬೇಕು. ಹಾಲಕ್ಕಿ ಒಕ್ಕಲಿಗರ ಮನೆಯವನು. ‘ನಮ್ಮವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಎಲ್ಲರಿಗೂ ಮನವಿ ಕೊಟ್ಟಾಗಿದೆ ಟೀಚರ್. ಸೇರಿಸುವುದು ಯಾರ ಕೈಯಲ್ಲಿದೆ?’ ಎಂದು ಕೇಳಿದ. 342ನೇ ವಿಧಿ ತೆರೆದು ತೋರಿಸಿದೆ. ಪಟ್ಟಿಯನ್ನು ಮೊದಲು ಹೊರಡಿಸುವವರು ರಾಷ್ಟ್ರಪತಿ, ಆಮೇಲೆ ಅದಕ್ಕೆ ಸೇರಿಸಲು, ತೆಗೆಯಲು ಸಂಸತ್ತಿನ ಕಾನೂನೇ ಬೇಕು. ರಾಜ್ಯ ಶಿಫಾರಸು ಮಾಡಬಹುದು, ಅಷ್ಟೇ. ಕೋರ್ಟು ಪಟ್ಟಿಗೆ ಒಂದು ಹೆಸರನ್ನೂ ಸೇರಿಸಲಾರದು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಸೇರಿದ್ದು ಸಂಸತ್ತಿನ ತಿದ್ದುಪಡಿಯಿಂದಲೇ. ಅವನು ಎಲ್ಲವನ್ನೂ ಬರೆದುಕೊಂಡ. ‘ಹಾಗಾದರೆ ನಮ್ಮವರು ಇಷ್ಟು ದಿನ ತಹಸೀಲ್ದಾರರ ಕಚೇರಿಯ ಮುಂದೆ ಕೂತದ್ದು?’ ಎಂದ. ಅಲ್ಲಿಂದ ಮನವಿ ಮೇಲೆ ಹೋಗುತ್ತದೆ, ಅದು ವ್ಯರ್ಥವಲ್ಲ, ಆದರೆ ಸಂಸದರನ್ನು ಪ್ರತಿ ಅಧಿವೇಶನಕ್ಕೂ ಮುಂಚೆ ಕೇಳುವುದನ್ನು ಬಿಡಬಾರದು ಎಂದೆ. ಅವನ ಚಿಕ್ಕಪ್ಪ ಒಮ್ಮೆ ಶಾಲೆಗೆ ಬಂದು ಆ ವಿಧಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ.

ಆ ಇಬ್ಬರು ಹುಡುಗಿಯರ ವರ್ಷದಲ್ಲಿ ಶುರುವಾದ ಅಭ್ಯಾಸವೊಂದನ್ನು ನಾನು ಈಗಲೂ ಬಿಟ್ಟಿಲ್ಲ. ಪಾಠ ಮುಗಿದ ಮೇಲೆ ಮಕ್ಕಳು ಮೊದಲ ದಿನದ ತಮ್ಮ ವಾಕ್ಯವನ್ನು ಮತ್ತೆ ಬರೆಯಬೇಕು, ‘ಸರ್ಕಾರ’ ಎಂಬ ಪದ ಎಲ್ಲಿಯೂ ಬರಬಾರದು. ಪ್ರತಿ ವಾಕ್ಯದ ಎದುರಿಗೆ, ಅಂಚಿನಲ್ಲಿ, ಆ ಕೆಲಸ ಮಾಡಿದ ಅಂಗದ ಹೆಸರು ಬರೆಯಬೇಕು. ಮೊದಲನೆಯ ಹುಡುಗಿ ಒಂದೂವರೆ ಪುಟ ಬರೆದಳು. ‘ವಿಧಾನಮಂಡಲ 1974ರಲ್ಲಿ ಕಾನೂನು ತಿದ್ದಿತು’ ಎಂಬಲ್ಲಿಂದ ‘ತಹಸೀಲ್ದಾರರ ಕಚೇರಿಯಲ್ಲಿ ಪಹಣಿಗೆ ಅಜ್ಜನ ಹೆಸರು ಬಂತು’ ಎಂಬಲ್ಲಿಯವರೆಗೆ ಒಂದೂ ತಪ್ಪಿಲ್ಲ. ಅಂಚು ತುಂಬಿತ್ತು.

ಮುಂದಿನ ಪಾಲಕರ ಸಭೆಗೆ ಅವಳ ಅಜ್ಜಿ ಬಂದರು. ಹೊರಗೆ ಛತ್ರಿ ಮಡಚಿಟ್ಟು ನನ್ನ ಮೇಜಿನ ಬಳಿ ಬಂದು ಹೇಳಿದರು: ‘ಅಕ್ಕೋರೇ, ಮೊಮ್ಮಗಳು ಓದಿ ಹೇಳಿದಳು. ಬರೆದದ್ದೆಲ್ಲ ಸರಿ ಇದೆ. ಅವಳ ಅಜ್ಜ ತಿರುಗಿದ್ದನ್ನು ಮಾತ್ರ ಬರೆದಿಲ್ಲ.’ ಆಮೇಲೆ ಅವರೇ ಹೇಳುತ್ತ ಹೋದರು. ಬೆಳಗಿನ ಜಾವ ಗಂಜಿ ಕುಡಿದು ತಾಲೂಕು ಕಚೇರಿಗೆ ನಡೆದು ಹೋಗುತ್ತಿದ್ದದ್ದು, ಇವತ್ತು ಸಾಹೇಬರಿಲ್ಲ ಎಂದು ವಾಪಸು ಬರುತ್ತಿದ್ದದ್ದು, ಧಾರವಾಡದಲ್ಲಿ ಆಗ ಹೈಕೋರ್ಟಿನ ಪೀಠ ಇಲ್ಲದ್ದರಿಂದ ಬೆಂಗಳೂರಿಗೇ ಹೋಗಬೇಕಾದದ್ದು, ವಕೀಲರ ಫೀಸಿಗೆ ಕರೆಯುವ ಎಮ್ಮೆಯನ್ನು ಮಾರಿದ್ದು. ಎಮ್ಮೆಯ ಮಾತು ಬಂದಾಗ ಸ್ವಲ್ಪ ನಿಲ್ಲಿಸಿದರು.

ಮರುದಿನ ಹುಡುಗಿ ನೋಟ್‌ಬುಕ್ ತಂದಳು. ಕೊನೆಯಲ್ಲಿ ಹೊಸದಾಗಿ ಬರೆದಿದ್ದಳು: ‘ಇದೆಲ್ಲ ಆಗಲು ನಮ್ಮ ಅಜ್ಜ ಹನ್ನೊಂದು ಸಲ ತಾಲೂಕು ಕಚೇರಿಗೆ, ಎರಡು ಸಲ ಬೆಂಗಳೂರಿಗೆ ಹೋದರು. ಅಜ್ಜಿ ಎಮ್ಮೆ ಮಾರಿದರು.’ ಅದರ ಎದುರಿಗೆ ಅಂಚು ಖಾಲಿ ಇತ್ತು. ‘ಟೀಚರ್, ಇದಕ್ಕೆ ಯಾವ ಅಂಗ ಬರೆಯಬೇಕು?’ ಎಂದು ಕೇಳಿದಳು.

ಅವರಿಬ್ಬರ ಹೆಸರನ್ನೇ ಬರೆ ಎಂದೆ. ಬರೆದಳು.